ನಡುಮನೆಯ ಹೂವಿನ ಟೈಲ್ಸ್

ಖೈತಾನ್, ಕುವೈತ್
14 ಮಾರ್ಚ್ 2001

ಪ್ರೀತಿಯ ಮಗಳು ಸಹಲಾಳಿಗೆ,

ಅಸ್ಸಲಾಮು ಅಲೈಕುಮ್. ನಿನ್ನ ಉಮ್ಮನ ಮೊಣಕಾಲು ನೋವು ಈಗ ಹೇಗಿದೆ? ಎಣ್ಣೆ ಹಚ್ಚಿ ಕೂತರೆ ಸಾಲದು, ಪುತ್ತೂರಿನ ಡಾಕ್ಟರಿಗೆ ತೋರಿಸಿ ಎಂದು ನಾನು ಹೇಳಿದೆನೆಂದು ಹೇಳು. ತಮ್ಮ ಫಾರಿಸನ ಕೆಮ್ಮು ಬಿಟ್ಟಿತೇ? ನಾನು ಚೆನ್ನಾಗಿದ್ದೇನೆ. ಚಳಿ ಹೋಗಿದೆ, ಧೂಳು ಶುರುವಾಗಿದೆ.

ಈ ಸಲ ನನ್ನ ಕೆಲಸದ ಸುದ್ದಿಯನ್ನೇ ಬರೆಯುತ್ತೇನೆ, ಹೇಳದೆ ಇರಲಾಗುತ್ತಿಲ್ಲ. ಎರಡು ತಿಂಗಳಿಂದ ನಾವು ಬ್ನೇದ್ ಅಲ್ ಗಾರ್‌ನ ಒಂದು ದೊಡ್ಡ ಮನೆಗೆ ಟೈಲ್ಸ್ ಹಾಕುತ್ತಿದ್ದೆವು. ಮನೆಯ ನಕ್ಷೆ ಮಾಡಿದವರು ಇಟಲಿಯ ಒಬ್ಬ ಮೇಡಂ. ಆ ಮನೆಯ ಹಿರಿಯ ಹೆಂಗಸನ್ನು ನಾವೆಲ್ಲ 'ಮಾಮಾ' ಎನ್ನುತ್ತೇವೆ; ನಗಬೇಡ, ಇಲ್ಲಿ ಯಜಮಾನಿಯನ್ನು ಹಾಗೆಯೇ ಕರೆಯುವುದು. ನಡುಮನೆಯ, ಅಂದರೆ ಹಾಲಿನ, ನೆಲಕ್ಕೆ ಮೂಲೆಯಿಂದ ಮೂಲೆಗೆ ಹೂವೇ ಬೇಕೆಂದು ಮಾಮಾ ಹಠ ಹಿಡಿದಿದ್ದರು. ಮೇಡಂಗೆ ಅದು ಇಷ್ಟವಿರಲಿಲ್ಲ, ಆದರೂ ಇಟಲಿಯಿಂದ ತರಿಸಿಕೊಟ್ಟರು. ಇಟ್ಟಿಗೆ ಕೆಂಪು ಮತ್ತು ಎಲೆ ಹಸಿರು ಬಣ್ಣ, ನಾಲ್ಕು ಟೈಲ್ಸ್ ಕೂಡಿದರೆ ಒಂದು ಹೂವು. ಅಂಥದ್ದನ್ನು ನಾನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಪೆಟ್ಟಿಗೆಗಳನ್ನು ಬಿಚ್ಚಿದಾಗ ಅರ್ಧಕ್ಕಿಂತ ಹೆಚ್ಚು ಒಡೆದುಹೋಗಿದ್ದವು. ಮತ್ತೆ ತರಿಸಲು ಎರಡು ತಿಂಗಳು ಬೇಕು, ಹತ್ತು ದಿನದಲ್ಲಿ ಅದೇ ಹಾಲಿನಲ್ಲಿ ಮಾಮಾನ ಮೊಮ್ಮಗಳ ನಿಶ್ಚಿತಾರ್ಥ. ನಮ್ಮ ಫೋರ್‌ಮನ್ ಡೆನಿಸ್, ಮಂಗಳೂರಿನವರು, ನನ್ನನ್ನು ಬದಿಗೆ ಕರೆದು, "ಸಬ್ಹಾನ್ ಏರಿಯಾದ ಗೋದಾಮಿನಲ್ಲಿ ಇಂಥದ್ದೇ ಲೋಕಲ್ ಮಾಲು ಉಂಟು ಮಾರಾಯ. ನಡುನಡುವೆ ಸೇರಿಸಿ ಖಲಾಸ್ ಮಾಡು, ಯಾರಿಗೂ ಗೊತ್ತಾಗುದಿಲ್ಲ" ಎಂದರು. ಒಂದು ತರಿಸಿ ಪಕ್ಕದಲ್ಲಿಟ್ಟು ನೋಡಿದೆ. ಕೆಂಪು ಕೆಂಪಿಗೆ ಸೇರುತ್ತಿರಲಿಲ್ಲ. ನಾನು ಹಾಕುವುದಿಲ್ಲ ಎಂದೆ. "ನಿನ್ನ ಇಕಾಮಾ ರಿನ್ಯೂ ಇದೇ ತಿಂಗಳು ಅಲ್ವಾ? ನೆನಪಿರಲಿ" ಎಂದರು. ಇಕಾಮಾ ಎಂದರೆ ಇಲ್ಲಿರಲು ಕೊಡುವ ಪರವಾನಗಿ, ಅದು ತಪ್ಪಿದರೆ ಊರಿಗೆ ಮರಳಬೇಕು. ಅವರು ಕೆಟ್ಟವರಲ್ಲ, ಅವರಿಗೂ ಮೇಲಿನವರ ಭಯ. ನನಗೂ ಭಯವಾಯಿತು, ಸುಳ್ಳು ಹೇಳುವುದಿಲ್ಲ.

ಅವರು ಊಟಕ್ಕೆ ಹೋದಾಗ ನಾನು ಒಡೆಯದೆ ಉಳಿದ ಟೈಲ್ಸ್‌ಗಳನ್ನು ಸಿಮೆಂಟ್ ಇಲ್ಲದೆ ಹಾಲಿನ ನಡುವೆ ಜಮಖಾನೆ ಹಾಸಿದ ಹಾಗೆ ಜೋಡಿಸಿದೆ. ಸುತ್ತಲೂ ಮಲಗುವ ಕೋಣೆಗೆಂದು ತಂದಿದ್ದ ಮರಳು ಬಣ್ಣದ ಖಾಲಿ ಟೈಲ್ಸ್ ಇಟ್ಟೆ. ಮುಗಿಸುವಷ್ಟರಲ್ಲಿ ಮೇಡಂ ಬಾಗಿಲಲ್ಲಿ ನಿಂತಿದ್ದರು. ಬೈಗುಳಕ್ಕೆ ಕಾದು ನಿಂತೆ. ಅವರು ಚಪ್ಪಲಿ ಬಿಚ್ಚಿಟ್ಟು ನಿಧಾನವಾಗಿ ನಡೆದು ನೋಡಿದರು. ಆಮೇಲೆ, ತಮ್ಮ ಅಜ್ಜಿಯ ಮನೆಯಲ್ಲೂ ಹೀಗೆಯೇ, ಹೂವು ಒಂದೇ ಕಡೆ, ಉಳಿದ ನೆಲ ಸುಮ್ಮನೆ ಇರುತ್ತದೆ, ಆಗಲೇ ಹೂವು ಕಾಣುವುದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಊಟ ಮುಗಿಸಿ ಬಂದ ಡೆನಿಸ್ ಮೇಡಂ ಬಳಿ ಕೇಳಿ ನನಗೆ ಅದನ್ನು ಬಿಡಿಸಿ ಹೇಳುವಾಗ ಡೆನಿಸರ ಧ್ವನಿಯೇ ಬದಲಾಗಿತ್ತು.

ಮಾಮಾ ಒಪ್ಪಬೇಕಿತ್ತು. ಮರುದಿನ ಬಂದವರು ಹೂವಿನ ಸುತ್ತ ಒಂದು ಸುತ್ತು ನಡೆದು ನೋಡಿದರು. ಮೂಲೆಗಳಿಗೂ ಹೂವು ಹಾಕೋಣವೇ ಎಂದು ಡೆನಿಸ್ ಅರಬಿಯಲ್ಲಿ ಕೇಳಿದಾಗ ಕೈಯೆತ್ತಿ "ಬಸ್" ಎಂದರು. ಮೇಡಂ ನಕ್ಕು "ಬಸ್ತಾ" ಎಂದರು. ಎರಡಕ್ಕೂ ಒಂದೇ ಅರ್ಥ, ಸಾಕು ಅಂತ. ಅವರಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾವು ಅಂದೇ ಕಂಡದ್ದು.

ಮೊನ್ನೆ ಕೆಲಸ ಮುಗಿಯಿತು. ಮೇಡಂ ನಕ್ಷೆಯ ಕಾಗದದಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದರು, ಸ್ಪೆಲಿಂಗ್ ಎರಡು ಸಲ ಕೇಳಿ. ಈ ದೇಶಕ್ಕೆ ಬಂದು ಒಂಬತ್ತು ವರ್ಷವಾಯಿತು. ನಾನು ಹಾಕಿದ ನೆಲದ ಮೇಲೆ ಎಷ್ಟೋ ಜನ ಓಡಾಡುತ್ತಿದ್ದಾರೆ, ಹೆಸರು ಕೇಳಿದವರು ಇವರೊಬ್ಬರೇ. ಇಕಾಮಾ ಕೂಡ ರಿನ್ಯೂ ಆಯಿತೆಂದು ಉಮ್ಮನಿಗೆ ಹೇಳು.

ನಿಮ್ಮೆಲ್ಲರನ್ನೂ ಅಲ್ಲಾಹು ಕಾಪಾಡಲಿ. ನಿನ್ನ ಅಕ್ಕ ಶಹನಾ ಮನೆಗೆ ಬಂದಾಗ ಅವಳಿಗೂ ಅಳಿಯನಿಗೂ ನನ್ನ ಸಲಾಂ ತಿಳಿಸು.

ನಿನ್ನ ಉಪ್ಪ,
ಅಬ್ದುಲ್ ನಾಸಿರ್

ತಾ.ಕ.: ಅಂಚೆಗೆ ಹಾಕುವ ಮೊದಲು ಇದಿಷ್ಟು. ಶಹನಾಳ ಮದುವೆಗೆ ನೀನು ಅವಳ ಅಂಗೈ ನಡುವೆ ಮದರಂಗಿಯ ಒಂದೇ ಹೂವು ಬಿಡಿಸಿ ಉಳಿದ ಕೈಯನ್ನು ಖಾಲಿ ಬಿಟ್ಟಿದ್ದೆ. "ಮದರಂಗಿ ಮುಗಿದು ಹೋಯಿತಾ?" ಎಂದು ಎಲ್ಲರೆದುರು ನಕ್ಕವನು ನಾನೇ. ಆ ಹಾಲಿನಲ್ಲಿ ನನಗೆ ನೆನಪಾದದ್ದು ಆ ಕೈ. ಎಲ್ಲಿ ಕಲಿತೆ ಎಂದು ಮೇಡಂ ಕೇಳಿದರು, ಮಗಳಿಂದ ಎಂದೆ. ಮಂಗಳೂರಿನ ಚಿತ್ರಕಲಾ ಶಾಲೆ ಬೇಡವೆಂದು ನಾನು ಫೋನಿನಲ್ಲಿ ಹೇಳಿದ್ದು ತಪ್ಪು. ಫಾರಂ ತುಂಬಿ ಕೊಡು. ಉಮ್ಮ ಬೇಡವೆಂದರೆ ಈ ಕಾಗದ ತೋರಿಸು.