ಉಮ್ಮನ ಕೋಣೆಯ ಮೇಲೆ ನಿಂತ ನೀರು

ಕಡಬ
18-5-2025

ಪ್ರೀತಿಯ ಅಳಿಯ ಶಾಫಿಗೆ,

ಅಸ್ಸಲಾಮು ಅಲೈಕುಂ. ಆರೋಗ್ಯ ಹೇಗಿದೆ? ಸೌದಿಯ ದಮ್ಮಾಮಿನ ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡು. ನಮ್ಮ ಕುಟುಂಬದ ಗಂಡಸರಿಗೆ ಕೂದಲು ಬೇಗ ಉದುರುತ್ತದೆ, ನನ್ನೊಬ್ಬನನ್ನು ಬಿಟ್ಟು. ಇಲ್ಲಿ ಎಲ್ಲರೂ ಕ್ಷೇಮ, ಅಲ್‌ಹಂದುಲಿಲ್ಲಾ. ಈ ಕಾಗದ ರಜೆ ಮುಗಿಸಿ ಅಲ್ಲಿಗೆ ಮರಳುತ್ತಿರುವ ಅಸ್ಕರ್‌ನ ಕೈಯಲ್ಲಿ ಬರುತ್ತಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಉಮ್ಮ, ಆ ನನ್ನ ಅಕ್ಕ, ಎಲ್ಲವನ್ನೂ ಸ್ಪೀಕರಿಗೆ ಹಾಕುತ್ತಾಳೆ.

ನೀನು ಪ್ಲಾಸ್ಟಿಕ್ ಹಾಸುವ ಕೆಲಸದವನೆಂದು ನಾನು ಹತ್ತು ವರ್ಷ ಊರಿಡೀ ನಗಾಡಿದ್ದು ನಿಜ. ಆ ನಗುವನ್ನು ಈಗ ನುಂಗಿದ್ದೇನೆ. ನಿನ್ನ ಕೈಕೆಳಗೆ ಕಲಿತ ಝಾಕಿರ್ ಬಂದು, ನೀರು ತಡೆಯುವ ಪಿವಿಸಿ ಮೆಂಬ್ರೇನಿನ ಸುರುಳಿಗಳನ್ನು ಸೋರುವ ತಾರಸಿಯಲ್ಲಿ ಬಿಡಿಸಿ, ಅಂಚಿನ ಮೇಲೆ ಅಂಚಿಟ್ಟು, ಬಿಸಿಗಾಳಿ ಊದುವ ಯಂತ್ರ ಹಿಡಿದು ರೋಲರ್ ಒತ್ತುತ್ತ ಹೋದ. ಎರಡು ಹಾಳೆ ಕರಗಿ ಒಂದೇ ಚರ್ಮವಾದದ್ದನ್ನು ಈ ಕಣ್ಣಲ್ಲಿ ಕಂಡೆ. ಉಗುರು ಹಾಕಿ ಎಳೆದೆ. ಉಗುರು ಕಿತ್ತುಬಂತು, ಬೆಸುಗೆ ಬಿಡಲಿಲ್ಲ. ಮತ್ತೆ ನೀರು ಹೋಗುವ ಪೈಪುಗಳ ಬಾಯಿ ಕಟ್ಟಿ, ಎರಡು ದಿನ ತಾರಸಿ ತುಂಬ ನೀರು ನಿಲ್ಲಿಸಿದ. ಮೋಡ ಅದರೊಳಗೆ ಹಾದುಹೋಗುತ್ತಿತ್ತು ಮಾರಾಯ! ನಾನು ಕೆಳಗೆ ಉಮ್ಮನ ಮಂಚದಲ್ಲಿ ಅಂಗಾತ ಮಲಗಿ ಸ್ಲ್ಯಾಬು ನೋಡಿದೆ. ಎದೆಯ ಮೇಲೊಂದು ಕೆರೆ, ಒಂದು ಹನಿ ಇಲ್ಲ. ಸುಬ್‌ಹಾನಲ್ಲಾ, ಉಸಿರು ಬಿಡಲೂ ಹೆದರಿದೆ.

ಉಮ್ಮ ನಂಬಲಿಲ್ಲ. "ಹಮೀದಾ, ಬೋಗುಣಿ ಅಲ್ಲೇ ಇರ್ಲಿ" ಎಂದು, ಸೋರುವಲ್ಲಿ ಇಡುತ್ತಿದ್ದ ಆ ಪಾತ್ರೆಯನ್ನು ತೆಗೆಯಲು ನನ್ನನ್ನು ಬಿಡಲಿಲ್ಲ. ಮೂರನೇ ದಿನ ತಾನೇ ಅದನ್ನೆತ್ತಿ ಅಕ್ಕಿ ತೊಳೆಯಲು ಅಡುಗೆಮನೆಗೆ ಕೊಟ್ಟಳು. ಆರು ಮಳೆಗಾಲ ಅದೇ ಅಡುಗೆಮನೆಯಲ್ಲಿ ಮಲಗಿದವಳು ಚಾಪೆ ಸುತ್ತಿಕೊಂಡು ತನ್ನ ಕೋಣೆಗೆ ಬಂದಳು. "ನನ್ನ ಮಗ ಕಲಿಸಿದ ಕೆಲಸ ಅಲ್ವಾ" ಎಂದಳು. ನನ್ನ ಕಣ್ಣಿಗೆ ಏನೋ ಬಿತ್ತು. ಈಗ ನೆಲ್ಯಾಡಿ, ನೆಟ್ಟಣದಿಂದಲೂ ಜನ ನೋಡಲು ಬರುತ್ತಾರೆ. ಕೆಲಸ ಮಾಡಿದ್ದು ನಾನೇ ಎಂದು ಅರ್ಧ ಜನ ತಿಳಿದಿದ್ದಾರೆ. ಅವರ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೇನೆ.

ನಿನ್ನ ಎರಡೂ ಕೈಗಳಿಗೆ ಅಲ್ಲಾಹು ಬರಕತ್ತು ಕೊಡಲಿ.

ನಿನ್ನ ಮಾವ,
ಸಾಹುಲ್ ಹಮೀದ್

ಮರೆತದ್ದು: ಸುಳ್ಯದ ನನ್ನ ದೋಸ್ತಿ ತೀರ್ಥರಾಮ ಬಂದು, "ಎಂತ ಮಾರಾಯ, ಮಕ್ಕಳ ರೈನ್‌ಕೋಟಿನ ಹಾಗೆ ಉಂಟಲ್ಲ!" ಎಂದ. "ಕತ್ತಿಗೂ ಜಗ್ಗುದಿಲ್ಲ, ನೋಡು" ಎಂದು ಸೊಂಟದ ಪೀಶಕತ್ತಿಯ ಮೊನೆಯಿಂದ ಕುತ್ತಿದೆ. ಜಗ್ಗಿತು. ಸರಿಯಾಗಿ ಉಮ್ಮನ ಮಂಚದ ಮೇಲೆಯೇ. ಮಳೆ ಹಿಡಿಯುವ ಮೊದಲು ತೇಪೆ ಬೆಸೆಯಲು ಝಾಕಿರ್‌ನನ್ನು ಕಳಿಸು. ಬರಲು ಬೇರೇನಾದರೂ ನೆಪ ಹೇಳಲಿ. ಅಲ್ಲಿಯವರೆಗೆ ತೂತಿನ ಮೇಲೆ ಪಾತ್ರೆಯೊಂದನ್ನು ಕವುಚಿ ಕಲ್ಲು ಹೇರಿದ್ದೇನೆ. ಬೇಗ ಕಳಿಸು. ಉಮ್ಮ ಎರಡು ದಿನದಿಂದ ಬೋಗುಣಿ ಹುಡುಕುತ್ತಿದ್ದಾಳೆ.