ಕಾಗೆಕಲ್ಲು ದೀಪಸ್ತಂಭದ ಹೊಟ್ಟೆಯ ವಿಚಾರ

ಕಾಗೆಕಲ್ಲು, ಫೆಬ್ರವರಿ ೩೦, ೨೨೭೧

ಸಮಸ್ತ ಪೂರ್ವಜರಿಗೆ ಈ ಮೂಲಕ ಸಾರುವುದೇನೆಂದರೆ, ಕಾಗೆಕಲ್ಲು ದೀಪಸ್ತಂಭಕ್ಕೆ ಹೊಟ್ಟೆ ಬಂದಿದೆ. ನೆಲದಿಂದ ಮೂರಡಿ ಮೇಲೆ ಶುರುವಾಗಿ ಆರಡಿಯವರೆಗೆ, ಸುತ್ತಲೂ, ಒಂದು ಗೇಣು ದಪ್ಪ. ಉಳಿದಂತೆ ಸ್ತಂಭ ಸಪೂರವಾಗಿಯೇ ಇದೆ. ಕುರ್ಚಿ ಬಿಟ್ಟೇಳದ ಗುಮಾಸ್ತನಂತೆ ಅಲ್ಲೊಂದೇ ಕಡೆ ಉಬ್ಬಿದೆ.

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುವುದು ಸಹಜ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಸರ್ಕಾರಿ ನೌಕರರಿಗೆ ಬಿಟ್ಟುಕೊಟ್ಟಿದ್ದೇವೆ. ನನ್ನ ಭಾಷೆಯೂ ನಿಮಗೆ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಮದುವೆ ಕರೆಯೋಲೆಗಳನ್ನು ಓದಿ ಕಲಿತವಳು. ನಡುನಡುವೆ ‘ಸಕುಟುಂಬ ಸಪರಿವಾರ ಆಗಮಿಸಿ’ ಎಂಬ ಧಾಟಿ ಇಣುಕಿದರೆ ಕ್ಷಮಿಸಬೇಕು.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಮುಂದಕ್ಕೆ ಹೋಗುವ ಅಂಚೆ ನಿಮಗೂ ಗೊತ್ತು, ತಡವಾಗಿಯಾದರೂ ತಲುಪುತ್ತದೆ. ಹಿಂದಂಚೆ ಇನ್ನೂರೈವತ್ತು ವರ್ಷದಷ್ಟು ಹಿಂದಕ್ಕೆ ಮಾತ್ರ ಹೋಗುತ್ತದೆ, ಅದೂ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ. ಹೆಚ್ಚಿನವರು ಅದನ್ನು ತಮ್ಮ ಮುತ್ತಜ್ಜನಿಗೆ ‘ಆ ಜಾಗ ಮಾತ್ರ ಮಾರಬೇಡ’ ಎಂದು ಬರೆಯಲು ಬಳಸುತ್ತಾರೆ. ನಾನು ನನ್ನ ಪಾಲಿನದನ್ನು ಒಂದು ಕಂಬದ ಹೊಟ್ಟೆಗಾಗಿ ಖರ್ಚು ಮಾಡುತ್ತಿದ್ದೇನೆ. ವಿಷಯ ಎಷ್ಟು ಗಂಭೀರ ಎಂಬುದನ್ನು ನೀವೇ ಊಹಿಸಿ.

ನಮ್ಮ ಕಡಲು ನಿಮ್ಮ ಕಡಲಿಗಿಂತ ಎತ್ತರ. ನಿಮ್ಮ ಬಸ್ ನಿಲ್ದಾಣದಲ್ಲಿ ನಾವು ಈಗ ಏಡಿ ಹಿಡಿಯುತ್ತೇವೆ. ವೇಳಾಪಟ್ಟಿಯ ಹಲಗೆ ನೀರಿನಡಿ ಇನ್ನೂ ಇದೆ, ಏಡಿಗಳೂ ಅದನ್ನು ನಂಬುವುದಿಲ್ಲ. ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗದ ಭತ್ತವೊಂದೇ ಉಳಿದಿದೆ. ಬೆಳಿಗ್ಗೆ ಅದರ ಗಂಜಿ, ಮಧ್ಯಾಹ್ನ ಅದರ ಅನ್ನ, ಸಂಜೆ ಅದರ ರೊಟ್ಟಿ, ಹಬ್ಬದ ದಿನ ಬದಲಾವಣೆಗೆಂದು ಅದರ ಪಾಯಸ. ದೋಣಿಗಳಿಗೆ ಚುಕ್ಕಾಣಿ ಹಿಡಿಯುವವರಿಲ್ಲ. ತಾವೇ ಓಡುವುದರಿಂದ ಅವಕ್ಕೆ ತಾನೋಟ ಎಂದು ಹೆಸರು. ಆಕಾಶದ ಯಂತ್ರಗಳು ತೋರಿಸುವ ಬಾನ್ದಾರಿ ಹಿಡಿದು ಅವು ಹೋಗುತ್ತವೆ, ಬಲೆ ಬಿಡುತ್ತವೆ, ಬರುತ್ತವೆ. ಒಳಗೆ ಕೂತು, ಇದು ಸರಿಯಾಗಿ ಹೋಗುತ್ತಿಲ್ಲ ಎಂದು ಗೊಣಗುವುದಷ್ಟೇ ನಮ್ಮ ಪಾಲಿನ ಕಸುಬು.

ಹೀಗಿರುವಾಗ ಕಡಲ ನಡುವೆ ದೀಪವೇಕೆ ಎಂದು ನಮ್ಮನ್ನಾಳುವ ಕಡಲಸಭೆ ಕೇಳಿತು. ದೀಪ ಆರಿಸಲು ಕಾರಣ ಹುಡುಕಲು ವಿಭವ ಶಾನಭಾಗ ಎಂಬ ಎಂಜಿನಿಯರನ್ನು ಕಳಿಸಿತು. ಆತ ಸ್ತಂಭದ ಸೊಂಟಕ್ಕೆ ಅಳತೆಪಟ್ಟಿ ಸುತ್ತಿದ, ಅದನ್ನು ಕಟ್ಟಿದಾಗಿನ ೧೮೬೮ರ ನಕ್ಷೆಯೊಂದಿಗೆ ಹೋಲಿಸಿದ. ಒಳಗಿನ ಕಲ್ಲುಗಳು ಹೊರಕ್ಕೆ ತಳ್ಳುತ್ತಿವೆ, ಸ್ತಂಭ ಯಾವಾಗ ಬೇಕಾದರೂ ಒಡೆದೀತು, ದೀಪ ಆರಿಸಿ ಕೆಡವುವುದೇ ಕ್ಷೇಮ ಎಂದು ವರದಿ ಬರೆದ. ಆಗ ಅಲ್ಲೇ ಮೆಟ್ಟಿಲ ಮೇಲೆ ಕೂತು ಚಿಪ್ಪಿ ಬಿಡಿಸುತ್ತಿದ್ದ ಹೊನ್ನಜ್ಜಿ ತಲೆಯೆತ್ತದೆ ಹೇಳಿದಳು: “ತಮಾ, ಅದು ಕಲ್ಲಲ್ಲ, ಸುಣ್ಣ. ನಿನ್ ಪಟ್ಟಿ ಬದಿಗಿಡು, ಉಳಿ ತಕಂಡು ಕೆತ್ತು. ನಮ್ ಅಜ್ಜನ ಬೆರಳೂ ಅಲ್ಲೇ ಎಲ್ಲೋ ಅದೆ.”

ಆ ಸುಣ್ಣದ ಚರಿತ್ರೆ ಇಷ್ಟು. ೧೮೭೧ರ ಮಳೆಗಾಲದಲ್ಲಿ ಬೊಮ್ಮ ಅಂಬಿಗ ಎಂಬವನು ಮಗುಚಿದ ದೋಣಿ ಹಿಡಿದು, ಈ ದೀಪ ನೋಡುತ್ತ ನೋಡುತ್ತ ಈಜಿ ಬಂಡೆ ಹತ್ತಿದ. ಆಗ ಮೇಲೆ ಉರಿಯುತ್ತಿದ್ದುದು ತೆಂಗಿನೆಣ್ಣೆ. ಮಾರನೆಯ ವರ್ಷ ಅವನು ಒಂದು ಬುಟ್ಟಿ ಇಸವಾಣ ಮೀನು ತಂದು ಕಾವಲುಗಾರ ತಿಮ್ಮಣ್ಣ ಹರಿಕಂತ್ರನ ಮುಂದಿಟ್ಟ. ಸರ್ಕಾರದ ಮನುಷ್ಯ ಕಾಣಿಕೆ ಮುಟ್ಟುವಂತಿಲ್ಲ. “ಮೀನು ನಂಗ್ ಬೇಡ ಮಾರಾಯಾ. ಕಂಬಕ್ಕೆ ಒಂದ್ ಸುತ್ತು ಸುಣ್ಣ ಬಳ್ದ್ ಹೋಗು, ನಂಗೂ ಕೆಲಸ ಕಮ್ಮಿ,” ಎಂದ ತಿಮ್ಮಣ್ಣ. ಸೋಮಾರಿತನದಿಂದ ಹುಟ್ಟಿದ ಸಂಪ್ರದಾಯಗಳೇ ಗಟ್ಟಿಯಾಗಿ ನಿಲ್ಲುತ್ತವೆ. ಅಂದಿನಿಂದ ದೀಪ ನೋಡಿ ಬದುಕಿ ಬಂದವರೆಲ್ಲ ಮರುವರ್ಷ ಬಂದು, ಚಿಪ್ಪು ಸುಟ್ಟ ಸುಣ್ಣವನ್ನು ದೋಸೆ ಹಿಟ್ಟಿನ ಹದಕ್ಕೆ ಕಲೆಸಿ, ಕೈಗೆಟುಕಿದಷ್ಟು ಎತ್ತರಕ್ಕೆ ಅಂಗೈಯಲ್ಲೇ ಬಳಿದು, ಆರುವ ಮೊದಲು ಹೆಬ್ಬೆಟ್ಟು ಒತ್ತಿ ಹೋದರು. ಏಣಿ ತರುವಷ್ಟು ಕೃತಜ್ಞತೆ ಯಾರಿಗೂ ಇರಲಿಲ್ಲ. ಸ್ತಂಭಕ್ಕೆ ಹೊಟ್ಟೆ ಬಂದದ್ದು ಹೀಗೆ.

ಇದನ್ನೆಲ್ಲ ಕಾವಲುಗಾರರು ದೀಪಸ್ತಂಭದ ದಿನಚರಿಯಲ್ಲಿ ಬರೆದಿಡಬಾರದಿತ್ತೇ ಎಂದು ನೀವು ಕೇಳಬಹುದು. ದಿನಚರಿಯ ಮೂವತ್ತೆಂಟು ಸಂಪುಟಗಳಿವೆ, ನಾನು ಎಲ್ಲವನ್ನೂ ಓದಿದ್ದೇನೆ. ಪ್ರತಿ ದಿನದ ಮುಂದೆ ಇರುವುದು ‘ಎಲ್ಲ ಕ್ಷೇಮ’ ಎಂಬ ಎರಡೇ ಪದ. ಕಡಲು ಕೆಟ್ಟಿತು, ದೋಣಿ ಮಗುಚಿತು ಎಂದು ಬರೆದರೆ ಮತ್ತೊಮ್ಮೆ ಕರೆದಂತಾಗುತ್ತದೆ ಎಂಬುದು ನಮ್ಮ ಕಾವಲುಗಾರರ ನಂಬಿಕೆ. ಬಿರುಗಾಳಿ ಅಡುಗೆಮನೆಯ ಮಾಡನ್ನು ಎತ್ತಿಕೊಂಡು ಹೋದ ದಿನವೂ ‘ಎಲ್ಲ ಕ್ಷೇಮ’, ಆದರೆ ಆ ಪುಟ ಮಾತ್ರ ಒದ್ದೆಯಾಗಿ ಉಬ್ಬಿದೆ. ಅಷ್ಟು ನಿಷ್ಠೆಯಿಂದ ಯಾರೂ ತಮ್ಮ ಕೆಲಸವನ್ನು ನಿಷ್ಪ್ರಯೋಜಕ ಎಂದು ಸಾಬೀತು ಮಾಡಿರಲಾರರು.

ಆದ್ದರಿಂದ ಉಳಿ ಹಿಡಿದೆ. ಮೂರು ತಿಂಗಳು ಪದರ ಪದರವಾಗಿ ಬಿಡಿಸಿದೆ. ನೂರ ತೊಂಬತ್ತೆರಡು ಸುತ್ತು ಸುಣ್ಣ, ಸುತ್ತಿಗೊಂದು ಹೆಬ್ಬೆಟ್ಟು. ಕೆಲವು ಚಿಕ್ಕವು, ಒಂದರಲ್ಲಿ ಗಾಯದ ಗೆರೆ, ಒಂದರಲ್ಲಿ ಉಗುರೇ ಇಲ್ಲ. ಎಲ್ಲಕ್ಕಿಂತ ಹೊರಗಿನದು ನನ್ನದು. ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ಬಾನ್ದಾರಿ ನಾಲ್ಕು ಗಂಟೆ ಮೂಕವಾಯಿತು. ಹಾಡುಹಗಲಲ್ಲೇ ಕಡಲು ಕಪ್ಪಾಗಿತ್ತು. ನನ್ನ ತಾನೋಟ ಗುಡಿಗೆ ಪ್ರದಕ್ಷಿಣೆ ಹಾಕುವಂತೆ ಒಂದೇ ಕಡೆ ಸುತ್ತುತ್ತ ನೀರು ಕುಡಿಯತೊಡಗಿತು. ಆಗ ಕಂಡದ್ದು ಇದು: ಎರಡು ಮಿಂಚು, ಕತ್ತಲು, ಮತ್ತೆ ಎರಡು ಮಿಂಚು. ಮೀನಿನ ಪೆಟ್ಟಿಗೆಯ ಮುಚ್ಚಳವನ್ನೇ ಹುಟ್ಟು ಮಾಡಿಕೊಂಡು ಬಂದೆ. ಸುಣ್ಣ ಬಳಿಯಲು ಬಂದವಳು ಹೋಗಲಿಲ್ಲ, ಇಲ್ಲೇ ದೀಪ ನೋಡಿಕೊಳ್ಳುತ್ತಿದ್ದೇನೆ. ತಮಾಷೆಯಾಗಿ ಬರೆಯುವುದು ನನ್ನ ಸ್ವಭಾವ; ಈ ದೀಪವನ್ನು ಆರಿಸಲು ಬಿಡುವುದು ಖಂಡಿತ ಅಲ್ಲ.

ಸುಣ್ಣದ ಪದರಗಳನ್ನು ನೋಡಿ ಶಾನಭಾಗ ತನ್ನ ವರದಿಯನ್ನು ತಾನೇ ಹರಿದ. ಒಳ್ಳೆಯ ಹುಡುಗ. ಆದರೆ ಸಭೆಯ ಅಧ್ಯಕ್ಷೆ ರೇಣುಕಾ ಮೇಸ್ತ ಅಷ್ಟು ಸುಲಭದವರಲ್ಲ. ಪದರಗಳನ್ನು ಭೂತಗನ್ನಡಿ ಹಿಡಿದು ನೋಡಿ, ಒಂದು ಕಡೆ ಬೆರಳಿಟ್ಟರು. “ತಂಗಿ, ಇಲ್ಲಿ ನಡೂಗೆ ಮೂವತ್ತು ವರ್ಷ ಒಬ್ಬರೂ ಬರ್ಲಿಲ್ಲ. ಬಾನ್ದಾರಿ ಹೊಸದಾಗಿ ಬಂದ ಕಾಲ ಅದೇ ಅಲ್ದಾ? ಅವ್ರಿಗೆ ಬೇಡಾಗಿದ್ದ ದೀಪ ನಮ್ಗೆ ಎಂತಕ್ಕೆ?”

ಪೂರ್ವಜರೇ, ಆ ಮೂವತ್ತು ವರ್ಷ ನಿಮ್ಮದು. ಅಲ್ಲಿ ಸುಣ್ಣವಿಲ್ಲ. ಯಾರೋ ಉತ್ಸಾಹಿಗಳು ಸ್ತಂಭ ಹೊಳೆಯಲಿ ಎಂದು ಡಬ್ಬದ ಬಣ್ಣ ಬಳಿದಿದ್ದಾರೆ, ವರ್ಷಕ್ಕೊಂದರಂತೆ ಮೂವತ್ತು ಪದರ, ಕೆಂಪು ಬಿಳಿ ಪಟ್ಟೆ. ಅದರ ಮೇಲೆ ಸುಣ್ಣ ನಿಲ್ಲುವುದಿಲ್ಲ, ಹೆಬ್ಬೆಟ್ಟು ಕೂರುವುದಿಲ್ಲ; ನಿಮ್ಮ ನಂತರದವರು ಅದನ್ನು ಕೆರೆದು ಒರಟು ಮಾಡಿಕೊಂಡೇ ಮತ್ತೆ ಸುಣ್ಣ ಬಳಿದರು. ಉಳಿ ತಾಗಿಸಿದರೆ ಹಾವಿನ ಪೊರೆಯಂತೆ ಒಂದೇ ಹಾಳೆಯಾಗಿ ಕಳಚಿಬರುತ್ತದೆ. ಆದರೆ ನಿಮ್ಮಲ್ಲೂ ಎಂಜಿನ್ ನಿಂತಿದ್ದೀತು, ಕೈಯಲ್ಲಿನ ಫೋನು ನೀರು ಕುಡಿದಿದ್ದೀತು, ಈ ದೀಪ ನೋಡಿ ಯಾರೋ ಮನೆ ಸೇರಿದ್ದಾರು. ಅದನ್ನು ಅಧ್ಯಕ್ಷೆಗೆ ಹೇಳಿದೆ. “ತೋರ್ಸು,” ಎಂದರು, ಅಷ್ಟೇ.

ನಾನು ಕೆತ್ತದ ಜಾಗ ಒಂದೇ ಉಳಿದಿದೆ. ಬಾಗಿಲಿನ ಎಡಕ್ಕೆ, ಮೊಣಕೈ ಎತ್ತರದಲ್ಲಿ, ಒಂದು ತಟ್ಟೆಯಷ್ಟಗಲ. ಸಭೆ ಅದನ್ನು ಮೊಹರು ಹಾಕಿ ಇಟ್ಟಿದೆ. ಗುರುವಾರ ಎಲ್ಲರೆದುರು ಅದನ್ನು ಕೆತ್ತುತ್ತೇನೆ. ಅಲ್ಲಿ ನಿಮ್ಮವರ ಒಂದು ಹೆಬ್ಬೆಟ್ಟು ಸಿಕ್ಕಿದರೆ ದೀಪ ಉಳಿಯುತ್ತದೆ.

ಸುಳ್ಳು ಗುರುತು ನನಗೆ ಬೇಡ. ಸುಮ್ಮನೆ ನೋಡಲು ಬಂದವರು ಒತ್ತಬಾರದು. ಈ ದೀಪ ಕಂಡು ದಡ ಸೇರಿದವರೇ ಒತ್ತಬೇಕು. ಅವರು ತಾವಾಗಿ ಬರುತ್ತಾರೆ, ನಮ್ಮ ಕರಾವಳಿಯವರು ಅಷ್ಟು ಮರೆಗುಳಿಗಳಲ್ಲ. ನಿಮ್ಮಿಂದ ಆಗಬೇಕಾದ್ದು ಇಷ್ಟೇ: ಕಾಗೆಕಲ್ಲಿನ ಕಡೆ ಹೋದಾಗ, ಆ ತಟ್ಟೆಯಗಲದ ಜಾಗದ ಬಣ್ಣವನ್ನು ಕೆರೆದು ತೆಗೆಯಿರಿ. ಪಕ್ಕದಲ್ಲಿ ಒಂದು ಡಬ್ಬಿ ಚಿಪ್ಪುಸುಣ್ಣ ಇಟ್ಟು ಬನ್ನಿ. ಸಿಹಿನೀರಲ್ಲೇ ಕಲೆಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಮುಚ್ಚಳ ಬಿಗಿಯಾಗಿ ಹಾಕಿ. ಇಲ್ಲದಿದ್ದರೆ ಅವರು ಬರುವಷ್ಟರಲ್ಲಿ ಅದು ಗಟ್ಟಿಯಾಗಿಬಿಡುತ್ತದೆ.

ಇತಿ,
ಸುಗಂಧಿ ಹರಿಕಂತ್ರ
ದೀಪದವಳು, ಕಾಗೆಕಲ್ಲು