ಮೂವತ್ತೊಂಬತ್ತನೇ ಚಾನೆಲ್ ಉಳಿಯಿತು

ಮಿಲ್ವಾಕಿ,
ಭಾನುವಾರ, ೨ ಮಾರ್ಚ್ ೧೯೫೮

ಪ್ರೀತಿಯ ಎಮಿಲಣ್ಣ,

ಇಡೀ ಫೆಬ್ರವರಿ ನನಗೆ ಒಂದೇ ಕನಸು. ಲಿಂಕನ್ ಅವೆನ್ಯೂವಿನ ಉದ್ದಕ್ಕೂ ಮನೆಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿರುತ್ತದೆ. ಪ್ರತಿ ಮನೆಯಲ್ಲೂ ಒಬ್ಬೊಬ್ಬ ಅಜ್ಜಿ ಸೆರಗಂಚಿಗೆ ಒರೆಸಿದ ಹಾಗೆ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು ಫೋನೆತ್ತಿ, "ಇಲ್ಲಮ್ಮ, ನಮ್ಮಲ್ಲಿ ಬರಲ್ಲ" ಎನ್ನುತ್ತಾಳೆ. ಅವಳ ಬೆನ್ನ ಹಿಂದೆಯೇ ನಮ್ಮ ಚಾನೆಲ್ ಸ್ಪಷ್ಟವಾಗಿ ಓಡುತ್ತಿರುತ್ತದೆ. ನಾನು ಹಿಮದಲ್ಲಿ ನಿಂತು ಕಿಟಕಿ ಬಡಿಯುತ್ತೇನೆ, ಯಾರೂ ತಿರುಗಿ ನೋಡುವುದಿಲ್ಲ. ಆಗ ಕ್ಲಾರಾ ಪಕ್ಕೆಗೆ ತಿವಿದು ಎಬ್ಬಿಸುತ್ತಾಳೆ. "ನಿದ್ದೇಲೂ ಚಾನೆಲ್ಲಾ? ಹೆಂಡ್ತಿನ ಯಾವಾಗ ಕನಸಲ್ಲಿ ಕಾಣೋದು?" ಎಂದು ಬೈದು ಮಗ್ಗುಲಾಗುತ್ತಾಳೆ.

ಕ್ರಿಸ್ಮಸ್ಸಿಗೆ ನೀನು ಕಳಿಸಿದ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಟೂಸಾನಿನ ಮರುಭೂಮಿಯ ಒಣಹವೆ ನಿನ್ನ ಎದೆಗೆ ಒಗ್ಗಿತೋ ಇಲ್ಲವೋ, ಅಕ್ಕನ ಮನೆಯಲ್ಲಿ ನೀನು ಉಂಡದ್ದು ಮೈಗೆ ಹತ್ತುತ್ತಿದೆಯೋ ಇಲ್ಲವೋ ಎಂದು ದಿನಾ ಯೋಚನೆ. ಬರೆಯಲು ಕೂತರೆ ಆರನೇ ಕ್ಲಾಸಿಗೆ ಬಿಟ್ಟವನ ಅಕ್ಷರ ನೋಡಿ ನೀನು ನಗುತ್ತೀ ಎಂಬ ಅಳುಕು. ಹನ್ನೆರಡಕ್ಕೇ ಚರ್ಮದ ಕಾರ್ಖಾನೆ ಸೇರಿದವನು, ಸೈನ್ಯದಲ್ಲಿ ರೇಡಿಯೋ ಕಲಿತೆನೇ ಹೊರತು ಕಾಗದ ಬರೆಯುವುದನ್ನು ಯಾರೂ ಕಲಿಸಲಿಲ್ಲ.

ಸುದ್ದಿ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನು ಸೀದಾ ಕೊನೆಯ ಹಾಳೆಗೆ ಹಾರುತ್ತೀ. ಚಾನೆಲ್ ಉಳಿಯಿತು. ಮೆರಿಡಿಯನ್ ನೆಟ್‌ವರ್ಕ್ ನಮ್ಮನ್ನು ಕೈಬಿಡಲಿಲ್ಲ.

ನಾವಿಬ್ಬರು ಕೆಲಸಕ್ಕೆ ಸೇರಿದಾಗ ಅದು ಪೀಠೋಪಕರಣದ ವ್ಯಾಪಾರಿಯ ಚಾನೆಲ್. ಸೋಫಾಗಳ ನಡುವೆ ಕ್ಯಾಮೆರಾ ತಳ್ಳಿಕೊಂಡು ಓಡಾಡುತ್ತಿದ್ದೆವು. ಮೆರಿಡಿಯನ್ ಕೊಂಡುಕೊಂಡಾಗ ಊರೇ ನಮ್ಮದೆಂಬಂತೆ ಮೆರೆದೆವು. ಸರ್ಕಾರದ ಕಾನೂನಿನಂತೆ ಒಂದು ನೆಟ್‌ವರ್ಕ್ ಸ್ವಂತಕ್ಕೆ ಇಟ್ಟುಕೊಳ್ಳಬಹುದಾದದ್ದು ಐದು ಸಾಮಾನ್ಯ ಚಾನೆಲ್, ಮೇಲೆ ಎರಡು ದೊಡ್ಡ ನಂಬರಿನವು, ಅಷ್ಟೇ ತಾನೆ. ನ್ಯೂಯಾರ್ಕ್, ಶಿಕಾಗೋದವರೆಲ್ಲ ದೊಡ್ಡ ಮನೆಯ ಹಿರಿಮಕ್ಕಳು. ಕನೆಕ್ಟಿಕಟ್ಟಿನದೂ ನಮ್ಮದೂ ತಡವಾಗಿ ಹುಟ್ಟಿದ ಪೀಚು ಅವಳಿ. ಜನರ ಟಿವಿಗಳಲ್ಲಿ ಹದಿಮೂರಕ್ಕೇ ಗುಂಡಿ ಮುಗಿಯುತ್ತದೆ; ಮೂವತ್ತೊಂಬತ್ತು ಬರಬೇಕಾದರೆ ಟಿವಿಯ ಮೇಲೊಂದು ಪೆಟ್ಟಿಗೆ ಕೂರಿಸಬೇಕು. ಪೆಟ್ಟಿಗೆಯಿಲ್ಲದ ಮನೆಗೆ ನಾವು ಇದ್ದೂ ಇಲ್ಲ.

ಅಕ್ಟೋಬರಿನಲ್ಲಿ ನಿನ್ನನ್ನು ಕೆಲಸದಿಂದ ತೆಗೆದ ಮೇಲೆ ಕನೆಕ್ಟಿಕಟ್ಟಿನದನ್ನು ಮುಚ್ಚಿದರು. ಡಿಸೆಂಬರಿನಲ್ಲಿ ನ್ಯೂಯಾರ್ಕಿನಿಂದ ಥೇಯರ್ ಸಾಹೇಬರೇ ಬಂದಿಳಿದರು. ಸ್ವಂತ ಚಾನೆಲ್‌ಗಳೆಲ್ಲ ಅವರ ಕೈಕೆಳಗೇ ಇರುವುದು, ನಿನಗೆ ಗೊತ್ತಲ್ಲ, ನಿನ್ನ ಕಾಗದಕ್ಕೆ ಸಹಿ ಹಾಕಿದವರೂ ಅವರೇ. ಕೋಟು ಕೂಡ ಬಿಚ್ಚದೆ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದರು: "ಫೆಬ್ರವರಿಲಿ ಫೋನ್ ಮಾಡಿ ಲೆಕ್ಕ ತೆಗೀತೀವಿ. ನೂರಕ್ಕೆ ಐವತ್ತು ಮನೇಲಿ ನಿಮ್ ಚಾನೆಲ್ ಬಂದ್ರೆ ಇಟ್ಕೋತೀವಿ. ಇಲ್ಲಾಂದ್ರೆ ಲೈಸೆನ್ಸ್ ವಾಪಸ್."

ಅಣ್ಣ, ಆ ಚಳಿಗಾಲ ನಾವು ಹತ್ತದ ಮಾಳಿಗೆಯಿಲ್ಲ. ಪೆಟ್ಟಿಗೆಗಳನ್ನು ನಮ್ಮ ಟಿವಿ ನಿಲ್ದಾಣವೇ ಎರವಲು ಕೊಟ್ಟಿತು. ಎಂಜಿನಿಯರುಗಳು, ವಾರ್ತೆ ಓದುವವನು, ಟೈಪು ಮಾಡುವ ಹೆಂಗಸರು, ಎಲ್ಲರೂ ಜಾರುಬಂಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಬೀದಿ ಬೀದಿ ಅಲೆದೆವು. ದಕ್ಷಿಣದ ಬಡಾವಣೆಯಲ್ಲಿ ಮುಕ್ಕಾಲು ಮನೆಗಳಿಗೆ ಹಾಕಿ ಮುಗಿಸಿದೆವು. ಜನವರಿ ಕೊನೆಗೆ ಪರೀಕ್ಷೆಗೆಂದು ಒಂದು ಸಲ ಫೋನು ಮಾಡಿಸಿದರು. ಬಂದದ್ದು ನೂರಕ್ಕೆ ಹತ್ತೊಂಬತ್ತು.

ಅವತ್ತು ಅನ್ನ ನೀರು ಸೇರಲಿಲ್ಲ. ತಂತಿ ಬಿಗಿದದ್ದು ಸಡಿಲವೇ, ಹಿಮಕ್ಕೆ ಆಂಟೆನಾ ಬಾಗಿತೇ, ಎಲ್ಲ ನನ್ನದೇ ತಪ್ಪೇ ಎಂದು ಕೊರಗಿ, ಕೊನೆಗೆ ಪೆಲಾಗ್ಯಾ ಅಜ್ಜಿಯ ಮನೆಗೆ ಹೋದೆ. ಮೂಲೆಮನೆಯವಳು, ನನ್ನ ಅತ್ತೆಯ ಗೆಳತಿ. ಟಿವಿಯಲ್ಲಿ ನಮ್ಮದೇ ಕುಸ್ತಿ ನಡೆಯುತ್ತಿತ್ತು. ಪೆಟ್ಟಿಗೆಯ ಮೇಲೆ ಕಸೂತಿ ಬಟ್ಟೆ ಹೊದಿಸಿ ಮೇಲೊಂದು ಮೇರಿಮಾತೆಯ ಮೂರ್ತಿ ಇಟ್ಟಿದ್ದಳು.

"ಅಜ್ಜೀ, ಮೊನ್ನೆ ಯಾರಾದ್ರೂ ಫೋನ್ ಮಾಡಿದ್ರಾ?"

"ಮಾಡಿದ್ಲಪ್ಪ, ಯಾವಳೋ ನಾಜೂಕು ಮಾತಿನವಳು. ಮೂವತ್ತೊಂಬತ್ತು ನಿಮ್ಮನೇಲಿ ಬರತ್ತಾ ಅಂದ್ಲು."

"ನೀವೇನಂದ್ರಿ?"

"ಇಲ್ಲ ಅಂದೆ."

"ಬರ್ತಾ ಇದೆಯಲ್ಲಜ್ಜಿ, ನೋಡಿ, ಅಲ್ಲಿ ಕುಸ್ತಿ."

"ಬರ್ತಾ ಇದೆ ಅಂತ ನಂಗೂ ಗೊತ್ತು. ಹೌದು ಅಂದ್ರೆ ಬಂದು ಪೆಟ್ಗೆ ಎತ್ಕೊಂಡು ಹೋಗ್ತಾರೆ. ನಾನೇನು ದಡ್ಡಿ ಅಂದ್ಕೊಂಡ್ಯಾ?"

ಮೂರ್ತಿಯನ್ನು ಜೋಪಾನವಾಗಿ ಕೆಳಗಿಟ್ಟು, ಪೆಟ್ಟಿಗೆ ಮಗುಚಿ ತೋರಿಸಿದಳು. ತಳದಲ್ಲಿ ದಪ್ಪ ಅಕ್ಷರದ ಚೀಟಿ: ಇದು ನಿಲ್ದಾಣದ ಸ್ವತ್ತು. ಕೇಳಿದಾಗ ಹಿಂದಿರುಗಿಸತಕ್ಕದ್ದು. ಎಮಿಲಣ್ಣ, ಆ ಚೀಟಿ ಬೇಕೇ ಬೇಕು ಎಂದು ಹಟ ಹಿಡಿದು ಮಾಡಿಸಿದವನು ನಾನು. ಪೆಟ್ಟಿಗೆ ಕಳೆದರೆ ಯಾರು ಜವಾಬ್ದಾರಿ ಎಂಬ ಹೆದರಿಕೆಯಿಂದ ಒಂದೊಂದಕ್ಕೂ ನನ್ನ ಕೈಯಾರೆ ಅಂಟಿಸಿದ್ದೆ. ನಮ್ಮ ಜನ ಗೊತ್ತಲ್ಲ, ಹಳೆಯ ದೇಶದಲ್ಲಿ ಸರ್ಕಾರದವರು ಕಾಗದದ ಮೇಲೆ ಅಚ್ಚು ಹಾಕಿದ್ದಕ್ಕೆ ಹೆದರಿಯೇ ಸಮುದ್ರ ದಾಟಿ ಬಂದವರು.

ಮನೆಗೆ ಬಂದು ಬ್ರೋನ್ಯಾ ಅತ್ತೆಯ ಮುಂದೆ ಎಲ್ಲ ಒಪ್ಪಿಕೊಂಡೆ. ಅವಳು ಆಲೂಗಡ್ಡೆ ಹೆರೆಯುವುದನ್ನು ನಿಲ್ಲಿಸಲಿಲ್ಲ. "ಅಳಿಯಂದ್ರೇ, ನೀವು ಅಳೋದು ಆದ್ಮೇಲೆ ಹೇಳಿ. ಶುಕ್ರವಾರ ಮೀನೂಟಕ್ಕೆ ಎಷ್ಟು ಜನ ಬರ್ತಾರೆ?"

"ಚರ್ಚಿನ ನೆಲಮಾಳಿಗೆಗಾ? ಆರುನೂರು ಆಗ್ಬಹುದು."

"ಸಾಕು."

ಆ ಶುಕ್ರವಾರ ಮೀನು ಹುರಿಯುವ ಬಾಣಲೆಗೆ ಸೌಟಿನಿಂದ ಮೂರು ಏಟು ಹೊಡೆದು ಅತ್ತೆ ಬೆಂಚಿನ ಮೇಲೆ ಹತ್ತಿದಳು. ಪಾದ್ರಿಗಳು ಕೂಡ ರೈ ಬ್ರೆಡ್ಡನ್ನು ಬಾಯಿಗಿಡದೆ ಕೂತರು.

"ಕೇಳ್ರೇ ಇಲ್ಲಿ. ಫೋನ್ ಬಂದ್ರೆ ಇದ್ದದ್ದು ಇದ್ದಂಗೆ ಹೇಳಿ. ಯಾರೂ ಪೆಟ್ಗೆ ಕಿತ್ಕೊಳಲ್ಲ."

"ಚೀಟಿ ಅಂಟ್ಸಿದಾರಲ್ಲೇ ಬ್ರೋನ್ಯಾ?" ಎಂದಳು ಪೆಲಾಗ್ಯಾ.

"ಅಂಟ್ಸಿದ್ದು ನನ್ನ ಅಳಿಯ. ಅವನು ತನ್ನ ಟೋಪಿಗೂ ಚೀಟಿ ಅಂಟಿಸ್ಕೋತಾನೆ, ತಲೆ ಕಳೆದುಹೋದೀತು ಅಂತ."

ನೆಲಮಾಳಿಗೆ ಬಿದ್ದು ಬಿದ್ದು ನಕ್ಕಿತು. ನನಗೆ ಕಿವಿವರೆಗೂ ಬಿಸಿಯಾಯಿತು.

"ಆದ್ರೂ ಕಿತ್ಕೊಳಕ್ಕೆ ಬಂದ್ರೆ?"

"ನಂಗೆ ಹೇಳಿಕಳ್ಸು. ಇದೇ ಸೌಟು ಹಿಡ್ಕೊಂಡು ಬರ್ತೀನಿ."

ಮರುದಿನ ಬೆಳಗಿನಿಂದ ನಿಲ್ದಾಣದವರೆಲ್ಲ ಬಿಸಿನೀರು, ಬಟ್ಟೆ ಹಿಡಿದು ಮನೆಮನೆಗೆ ಹೋಗಿ ಚೀಟಿ ಕೆರೆದು ತೆಗೆದೆವು. ವಾರ್ತೆ ಓದುವವನು ಉಗುರು ಮುರಿದುಕೊಂಡ. ಹೋದಲ್ಲೆಲ್ಲ ಕಾಫಿ ಕುಡಿಸಿ, "ಪಾಪ, ಬ್ರೋನ್ಯಾಳ ಅಳಿಯ" ಎಂದು ಕನಿಕರಿಸಿದರು.

ಈಸ್ಟರಿಗೆ ಮೊದಲಿನ ನಲವತ್ತು ದಿನದ ಉಪವಾಸ ಹಿಡಿಯುವ ಮುಂಚಿನ ಮಂಗಳವಾರ ಲೆಕ್ಕ ಬಂತು. ಮತ್ತೆ ಬಂದಿಳಿದ ಥೇಯರ್ ಸಾಹೇಬರು ಲಕೋಟೆ ಒಡೆದು, ಕನ್ನಡಕ ಒರೆಸಿ, ಇನ್ನೊಮ್ಮೆ ಓದಿಕೊಂಡರು. ನಾನು ಮೇಜಿನ ಅಂಚು ಹಿಡಿದಿದ್ದೆ.

"ಅರವತ್ತೊಂದು," ಎಂದರು.

ಟೈಪಿಸ್ಟ್ ಗೆರ್ಟ್ರೂಡ್ ಅಳತೊಡಗಿದಳು, ವಾರ್ತೆಯವನು ಅವಳನ್ನು ಎತ್ತಿ ತಿರುಗಿಸಿದ. ಅತ್ತೆ ಎರಡು ತಟ್ಟೆ ಪೊಂಚ್ಕಿ ಹೊತ್ತು ಬಂದಳು, ಆ ದಿನ ಮನೆಯಲ್ಲಿ ಕೊಬ್ಬು ಸಕ್ಕರೆ ಉಳಿಸಬಾರದು ಎಂದು ಕರಿಯುವ ಜಾಮು ತುಂಬಿದ ಉಂಡೆ. ಸಾಹೇಬರು ನಾಲ್ಕು ತಿಂದು ಗಡ್ಡಕ್ಕೆಲ್ಲ ಸಕ್ಕರೆ ಮಾಡಿಕೊಂಡರು. "ಅಮ್ಮಾ, ನೀವು ನ್ಯೂಯಾರ್ಕಿಗೆ ಬನ್ನಿ, ಅಲ್ಲಿ ನನ್ ಮಾತು ಯಾರೂ ಕೇಳಲ್ಲ" ಎಂದರು. "ಅಲ್ಲಿ ಮೀನು ಸಿಗತ್ತಾ?" ಎಂದು ಅತ್ತೆ ಕೇಳಿದಳು. ಸಂಜೆ ಛಾವಣಿಯಲ್ಲಿ ಮೆರಿಡಿಯನ್ನಿನ ಹೊಸ ದೀಪದ ಫಲಕ ಹೊತ್ತಿಸಿದೆವು. ಕೆಳಗೆ ಬೀದಿ ತುಂಬ ಜನ. ಯಾರದೋ ಅಕಾರ್ಡಿಯನ್ ಬಂತು, ಹಿಮದಲ್ಲೇ ಪೋಲ್ಕಾ ಕುಣಿದರು. ನಾನೂ ಕುಣಿದೆ ಎಂದರೆ ನಂಬುತ್ತೀಯಾ? ನೀನು ಇಲ್ಲದ್ದು ಅವತ್ತು ಹಲ್ಲುದುರಿದ ಜಾಗದ ಹಾಗೆ ನಾಲಿಗೆಗೆ ತಾಗುತ್ತಲೇ ಇತ್ತು.

ಅದಕ್ಕೇ ಧೈರ್ಯ ಮಾಡಿ ಸಾಹೇಬರನ್ನು ಕೇಳಿದೆ. ನಾವಿಬ್ಬರೂ ಪಾಳಿಯಲ್ಲಿ ಕಾಯುತ್ತಿದ್ದ, ಪ್ರಸಾರ ಹೊರಡಿಸುವ ಟ್ರಾನ್ಸ್‌ಮಿಟರ್ ಯಂತ್ರಕ್ಕೆ ಇನ್ನಿಬ್ಬರು ಬೇಕಂತೆ. "ಎಮಿಲ್ ಹಾರ್ಟ್‌ವಿಗ್‌ನ ವಾಪಸ್ ಕರೆಸಿ ಸಾರ್" ಎಂದೆ. ಅವರ ಮುಖದ ನಗು ಹೋಯಿತು. "ಸೆಪ್ಟೆಂಬರಲ್ಲಿ ಚಾನೆಲ್‌ನ ಒಂಬತ್ ನಿಮಿಷ ಕತ್ಲೆ ಮಾಡಿದೋನಾ? ತಂಪುನೀರಿನ ಪಂಪ್ ನಿಂತು ಯಂತ್ರದ ಬಿಸಿ ಏರಿದ್ದು ಮೀಟರಲ್ಲಿ ಕಾಣಿಸ್ತಿತ್ತು. ಹಾಳೇಲಿ ಬರ್ಕೊಂಡು ಸುಮ್ನೆ ಕೂತ. ಬೇರೆ ಯಾರನ್ನಾದ್ರೂ ಹೇಳಪ್ಪ." ಆದರೂ ಜಾಗ ಇನ್ನೂ ಖಾಲಿಯಿದೆ. ಮಾರ್ಚ್ ಮುಗಿಯುವವರೆಗೆ ತುಂಬುವುದಿಲ್ಲ.

ಮೆರಿಡಿಯನ್ ತನ್ನ ಸ್ವಂತ ಚಾನೆಲ್‌ಗಳ ಚರಿತ್ರೆಯನ್ನು ಪುಸ್ತಕ ಮಾಡುತ್ತಿದೆ. ಆರು ಅಧ್ಯಾಯ, ಆರನೆಯದು ನಾವು. ಹಳೆಯ ದಾಖಲೆಗಳನ್ನು ಹುಡುಕಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅತ್ತೆಯ ಹೆಸರೂ ಸೇರಿಸಬೇಕೆಂದು ಹೇಳಿದ್ದೇನೆ.

ಕ್ಲಾರಾ ನಿನಗೆ ಉಣ್ಣೆಯ ಕಾಲುಚೀಲ ಹೆಣೆದಿದ್ದಾಳೆ. ಮರುಭೂಮಿಯಲ್ಲಿ ಯಾಕೆ ಎಂದರೆ ಕೇಳುವುದಿಲ್ಲ. ನಿನ್ನ ಉಸಿರು ಹಗುರಾಗಲಿ, ನಿನ್ನ ಅಕ್ಕನ ಮನೆ ತಣ್ಣಗಿರಲಿ, ಈಸ್ಟರಿಗೆ ಯಾರಾದರೂ ನಿನ್ನ ತಟ್ಟೆಗೆ ಒಂದು ಮೊಟ್ಟೆ ಒಡೆದು ಹಾಕಲಿ.

ನಿನ್ನ ತಮ್ಮನಂತಿರುವ,
ಫ್ಲೋರಿಯನ್ ಗುರ್ಸ್ಕಿ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು. ಪುಸ್ತಕಕ್ಕೆಂದು ಹುಡುಕುವಾಗ, ಚಾನೆಲ್ ಕತ್ತಲಾದ ಸೆಪ್ಟೆಂಬರ್ ೨೯ರ ಮೀಟರ್ ಹಾಳೆ ತೆಗೆದೆ. ಪಾಳಿ ನಿನ್ನದು, ಕೆಳಗೆ ಸಹಿ ನಿನ್ನದು. ಆದರೆ ಏಳೂವರೆಯ ಸಾಲಿನಲ್ಲಿ, ಬಿಸಿ ಕೆಂಪಿಗೇರಿದ ಆ ಅಂಕಿಯಲ್ಲಿ, ಏಳರ ನಡುವೆ ಅಡ್ಡಗೆರೆ ಇದೆ. ನೀನು ಏಳಕ್ಕೆ ಗೆರೆ ಎಳೆಯುವವನಲ್ಲ. ನಮ್ಮಪ್ಪ ನನಗೆ ಕಲಿಸಿದ್ದು ಅದು. ಒಬ್ಬ ಊಟಕ್ಕೆ ಹೋದರೆ ಇನ್ನೊಬ್ಬ ಸಹಿಯಿಲ್ಲದೆ ಕುರ್ಚಿಯಲ್ಲಿ ಕೂರುವುದು ನಮ್ಮ ಅಭ್ಯಾಸ, ಹಾಗಾದರೆ ಅಂಕಿ ಬರೆದು ಸುಮ್ಮನೆ ಕೂತವನು ನಾನೇ ಇರಬಹುದು. ಥೇಯರ್ ಕೇಳಿದಾಗ "ನಾನೇ ಇದ್ದೆ" ಎಂದು ನೀನು ನನ್ನ ಕಡೆ ನೋಡದೆ ಹೇಳಿದೆ. ನಾನು ನೆಲ ನೋಡುತ್ತ ನಿಂತಿದ್ದೆ, ಐದು ತಿಂಗಳು ಅದನ್ನೇ ನಂಬಿಕೊಂಡು ಬದುಕಿದೆ. ಈ ವಾರ ಮೂರು ಸಲ ನ್ಯೂಯಾರ್ಕಿಗೆ ಫೋನೆತ್ತಿ ಇಟ್ಟೆ. ಹಾಳೆಯನ್ನು ಹರಿದಿಲ್ಲ, ನನ್ನ ಬಳಿಯೇ ಇದೆ. ಊಟಕ್ಕೆ ಎದ್ದ ಹೊತ್ತನ್ನು ನೀನು ಜೇಬಿನ ಡೈರಿಯಲ್ಲಿ ಗುರುತು ಹಾಕುತ್ತಿದ್ದೆ. ನನಗಾಗಿ ಸುಳ್ಳು ಹೇಳಬೇಡ ಅಣ್ಣ, ಆ ದಿನದ ಪುಟ ಇನ್ನೊಂದು ಸಲ ತೆಗೆದು ನೋಡಿ ಬರೆ: ನೀನು ಎದ್ದು ಹೋದದ್ದು ಏಳೂವರೆಗೆ ಮುಂಚೆಯೋ, ಆಮೇಲೋ?